ಸೀಕರಣಿ

ದಾನೇಶ್ವರಿಯ ಬೆರಳು ಇನ್ನೂ ಬಾಯಿ ಮುಟ್ಟಿರಲಿಲ್ಲ. ಅಷ್ಟರಲ್ಲಿ ಓಡಿಬಂದ ಅಶ್ವತ್ಥಮ್ಮ ಅವಳ ಕೈಗೆ ಬಡಿದು, ಬಕೆಟ್ಟನ್ನು ಒದ್ದುಬಿಟ್ಟಳು. ಬಾಳೆಹಣ್ಣು, ಬೆಲ್ಲ ಕಲಸಿದ ರಸವೆಲ್ಲ ಸೀಬೆಗಿಡದ ಬುಡಕ್ಕೆ ಚೆಲ್ಲಿತು.

"ಔಸ್ದಿ ಆಕಿದೀನಿ ಕಣಮ್ಮಿ ಅದ್ಕೆ! ಬಾಯಿಗೋಯ್ತಾ?"

"ಇಲ್ರೀ ಅಕ್ಕಾರ."

"ಆಣೆ ಮಾಡು."

"ನಮ್ಮವ್ವನ ಆಣಿರೀ. ಒಂದ್ ಹನೀನೂ ಹೋಗಿಲ್ರಿ."

ತೊಟ್ಟಿಯ ಬಳಿಗೆ ಎಳೆದೊಯ್ದು ಅಶ್ವತ್ಥಮ್ಮ ತಾನೇ ಸೋಪು ಹಚ್ಚಿ ಅವಳ ಕೈ ತೊಳೆದಳು. ದಿನವೂ ಹಣ್ಣು ಕಿವುಚುವುದು ದಾನೇಶ್ವರಿಯ ಕೆಲಸ, ಕೊನೆಗೆ ವಿಷ ಬೆರೆಸುವುದು ತೋಟದೊಡತಿ ಅಶ್ವತ್ಥಮ್ಮನದು. ಆಮೇಲೆ ದಾನೇಶ್ವರಿ ಅದನ್ನು ತೂತು ಕೊರೆದ ಬಾಟಲಿಗಳಿಗೆ ತುಂಬಿ, ಏಣಿ ಹತ್ತಿ ಕೊಂಬೆಗಳಿಗೆ ಕಟ್ಟುತ್ತಿದ್ದಳು. ವಾಸನೆಗೆ ಬಂದ ಹಣ್ಣುನೊಣಗಳು ಅದರೊಳಗೇ ಸಾಯುತ್ತಿದ್ದವು. ಇವತ್ತು ಕಣ್ಣಾಸ್ಪತ್ರೆಗೆ ಹೊರಡುವ ಅವಸರದಲ್ಲಿ ಅಶ್ವತ್ಥಮ್ಮ ವಿಷವನ್ನೂ ಸೇರಿಸಿ ಎಲ್ಲವನ್ನೂ ತಾನೇ ಕಲಸಿಟ್ಟಿದ್ದಳು. ದಾನೇಶ್ವರಿಗೆ ಹೇಳಿಲ್ಲವೆಂಬುದು ಗೇಟು ದಾಟುವಾಗ ನೆನಪಾಗಿತ್ತು.

"ದಿನಾ ಎಣ್ಣು ಕಮ್ಮಿಯಾದ್ರೆ ಅಳಿಲು ತಿಂತದೆ ಅಂತಿದ್ದೋಳು ನೀನೇ ಅಲ್ವೇನೆ? ನೋಡು, ಎರಡು ಕಾಲಿನ ಅಳಿಲು!"

ಬೈಯುತ್ತಿದ್ದವಳ ಕಣ್ಣು, ನೀರು ಬಿದ್ದು ದಾನೇಶ್ವರಿಯ ಹೊಟ್ಟೆಗೆ ಅಂಟಿದ ಸೀರೆಯ ಮೇಲೆ ನಿಂತಿತು. ದಾನೇಶ್ವರಿ ಸೆರಗು ಎಳೆದುಕೊಂಡಳು, ತುಸು ತಡವಾಗಿ.

"ಎಷ್ಟು ತಿಂಗಳು?"

"ಐದ್ರಾಗ ಬಿದ್ದೈತ್ರಿ." ಅವಳು ಕತ್ತೆತ್ತಲಿಲ್ಲ. "ನಮ್ಮ ಕಡೆ ಬಸುರಿಗೆ ತವರಿನಾಗ ಸೀಕರಣಿ ಮಾಡಿ ಉಣಸ್ತಾರ್ರಿ, ಬಾಳಿಹಣ್ಣು ಬೆಲ್ಲ ಕಲಿಸಿ. ನಮ್ಮವ್ವ ಅದಾಳ ದೂರ, ಕುಷ್ಟಗ್ಯಾಗ. ಬಕೀಟಿನ ವಾಸನಿ ಥೇಟ್ ಹಂಗ ಬರ್ತಿತ್ತು. ನೀವು ಔಷಧ ಹಾಕೂಕಿಂತ ಮೊದ್ಲ ಒಂದ್ ಬೊಗಸಿ..."

"ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು?"

"ಕೇಳಿದ್ರ, ಯಾಕ ಅಂತ ಕೇಳ್ತಿದ್ರಿ. ಪೀಣ್ಯದ ಫ್ಯಾಕ್ಟರ್ಯಾಗ ಹಂಗ ಕೇಳೇ ಕೆಲಸ ಬಿಡಿಸಿದ್ರು."

ಅಶ್ವತ್ಥಮ್ಮನಿಗೆ ತಾನು ಮೊದಲ ದಿನ ಕೆಲಸ ಕಲಿಸಿದ್ದು ನೆನಪಾಯಿತು. 'ಮೊಟ್ಟೆ ಇಡೋ ಎಣ್ಣುನೊಣಕ್ಕೆ ಅಸಿವು ಜಾಸ್ತಿ ಕಣಮ್ಮಿ. ಊಟದ ವಾಸ್ನೆ ಬಂದ್ರೆ ಸಾಕು, ಸಾಯೋಕೂ ಓಡ್ಬತ್ತವೆ' ಎಂದು ನಕ್ಕಿದ್ದಳು. ದಾನೇಶ್ವರಿ ನಕ್ಕಿರಲಿಲ್ಲ.

ಅಶ್ವತ್ಥಮ್ಮ ಒಳಗೆ ಹೋದಳು. ತೋಟದಾಚೆ ಚಿಕ್ಕಬಾಣಾವರದ ಸ್ಟೇಷನ್ನಿಗೆ ರೈಲು ಬಂದು ಹೋಯಿತು. ದಾನೇಶ್ವರಿ ಚಪ್ಪಲಿ ಮೆಟ್ಟಿ, ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ನಿಂತಳು. ಹೋಗು ಎಂದು ಹೇಳಿಸಿಕೊಳ್ಳುವುದಷ್ಟೇ ಬಾಕಿ.

ಅಶ್ವತ್ಥಮ್ಮ ಸ್ಟೀಲ್ ತಟ್ಟೆ ಹಿಡಿದು ಬಂದಳು. ಬಾಳೆಹಣ್ಣು, ಬೆಲ್ಲ, ಮೇಲೊಂದಿಷ್ಟು ತುಪ್ಪ.

"ಕೂತ್ಕೊ. ತಿನ್ನು."

ದಾನೇಶ್ವರಿ ತಟ್ಟೆಯನ್ನೇ ನೋಡಿದಳು. ಕೈ ಚಾಚಲಿಲ್ಲ.

"ಅಕ್ಕಾರ, ಇದನ್ನ ತಿಂದ ಮ್ಯಾಲ ನಾಳಿಂದ ಬರಬ್ಯಾಡ ಅಂತೀರೇನ್ರಿ?"

ಅಶ್ವತ್ಥಮ್ಮ ಗಿಡಕ್ಕೆ ಒರಗಿಸಿದ್ದ ಏಣಿಯನ್ನು, ಇನ್ನು ಹತ್ತುವುದು ತನ್ನ ಪಾಲೆಂಬಂತೆ, ತನ್ನ ಕಡೆಗೆ ಎಳೆದುಕೊಂಡು ನೆಲದ ಮೇಲೆ ಕೂತಳು. ತಟ್ಟೆಯಿಂದ ಒಂದು ತುತ್ತು ತೆಗೆದು, ದಾನೇಶ್ವರಿ ನೋಡುತ್ತಿರುವಂತೆಯೇ, ಮೊದಲು ತನ್ನ ಬಾಯಿಗೆ ಹಾಕಿಕೊಂಡಳು.