ದೇವೀರಪ್ಪನವರ ವಿಮಾನ ವ್ಯಾಪಾರ

"ನಡುವೆ ಎಲ್ಲೂ ಇಳೀದೆ ಲಂಡನ್ನಿಗೆ ಹೋಗುತ್ತಾ?"

ಅರಸೀಕೆರೆಯ ಕೊಬ್ಬರಿ ಮಂಡಿ ದೇವೀರಪ್ಪ ತಮ್ಮ ಮನೆಯ ಪಡಸಾಲೆಯಲ್ಲಿ ಕೂತು ಗತ್ತಿನಿಂದ ಕೇಳಿದರು.

"ಹೋಗುತ್ತೆ ಸರ್. ಹದಿನಾಲ್ಕು ಜನ ಕೂರಬಹುದು. ಸೆಕೆಂಡ್ ಹ್ಯಾಂಡ್ ಆದ್ರೂ ಒಬ್ಬರೇ ಬಳಸಿದ್ದು. ನೂರೈವತ್ತು ಕೋಟಿ," ಎಂದ ಶಶಿಕಿರಣ್, ವಿಮಾನದ ಫೋಟೋ ಮುಂದೆ ಸರಿಸುತ್ತ.

"ಅಗ್ಗವೇ ಆಯ್ತು," ಎಂದುಬಿಟ್ಟರು ದೇವೀರಪ್ಪ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಒಳಗೊಳಗೇ ತಮ್ಮನ್ನು ಬೈದುಕೊಂಡರು.

ಅವರಿಗೆ ಬೇಕಾಗಿದ್ದುದು ವಿಮಾನವಲ್ಲ, ಅಳಿಯ. ಹಳೇಬೀಡಿನ ಈ ಹುಡುಗನ ಸಂಬಂಧ ತಂದವನು ಮದುವೆ ದಲ್ಲಾಳಿ ಹುಚ್ಚಣ್ಣ. ಹುಡುಗನಿಗೆ ಹಳೆಯ ವಿಮಾನ ಮಾರುವ ಬೆಂಗಳೂರಿನ ಕಂಪನಿಯಲ್ಲಿ ಕೆಲಸ. ಮಗಳು ಹೇಮಾಶ್ರೀಯನ್ನು ಈಗಾಗಲೇ ಇಬ್ಬರು ನೋಡಿ, ಕೇಸರಿಬಾತು ತಿಂದು, "ತಿಳಿಸ್ತೀವಿ" ಎಂದು ಹೋಗಿದ್ದರು. ತಿಳಿಸಲೇ ಇಲ್ಲ. ಎರಡು ಸಲವೂ ಅವಳು ಹಿತ್ತಲಲ್ಲಿ ಬಹಳ ಹೊತ್ತು ಮುಖ ತೊಳೆದುಕೊಂಡದ್ದನ್ನು ತಂದೆ ಕಂಡಿದ್ದರು. ಮೂರನೆಯ ಸಲ ಹಾಗಾಗಕೂಡದು. ಹುಡುಗನನ್ನು ಮೊದಲು ತಾವೇ ಗುಟ್ಟಾಗಿ ನೋಡಬೇಕು. ಅದಕ್ಕೇ ಈ ಗಿರಾಕಿಯ ವೇಷ. ಹೆಸರು ಬದಲಿಸುವಷ್ಟು ಬುದ್ಧಿ ಓಡಿರಲಿಲ್ಲ, ನಿಜ. ಆದರೆ ಗಂಡಿನ ಕಡೆಯವರಿಗೆ ಇನ್ನೂ ಏನೂ ಹೇಳಿಲ್ಲವೆಂದು ಹುಚ್ಚಣ್ಣ ಆಣೆ ಮಾಡಿದ್ದ.

ಕೊಬ್ಬರಿ ಗಿಟುಕನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುವಂತೆ ಹುಡುಗನನ್ನೂ ಅಲ್ಲಾಡಿಸಿ ನೋಡಿದರು. ಕೇಳಿದ್ದನ್ನೇ ನಾಲ್ಕು ಸಲ ಕೇಳಿದರು. ಅವನಿಗೆ ಸಿಟ್ಟು ಬರಲಿಲ್ಲ.

"ಪೈಲಟ್ಟು ಕುಡೀತಾರಾ?"

"ಇಲ್ಲ ಸರ್."

"ನೀವು?"

"ಕಾಫಿ ಸರ್."

ಜೊತೆಗೆ ಟೈ ಕಟ್ಟಿದ ಮ್ಯಾನೇಜರೊಬ್ಬರು ಬಂದಿದ್ದರು. ವಿಮಾನದ ಗುಣಗಳನ್ನು ಮಗ್ಗಿಯಂತೆ ಒಪ್ಪಿಸಿ ಸುಮ್ಮನಾದರು. ಮುಂಗಡದ ಮಾತೇ ಎತ್ತಲಿಲ್ಲ. ಬಾವಿ ನೋಡಿದರು, ದೇವರಮನೆಗೆ ಇಣುಕಿದರು, ಶಿವಗಂಗಮ್ಮ ಬಡಿಸಿದ ಕಾಯಿಹೋಳಿಗೆಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಹೆಂಡತಿಯ ಕೈರುಚಿಗೆ ಬೆಂಗಳೂರಿನವರೂ ಸೋತರೆಂದು ದೇವೀರಪ್ಪ ಬೀಗಿದರು.

ಅಷ್ಟರಲ್ಲಿ ಹೇಮಾಶ್ರೀ ಸ್ಕೂಟರ್ ನಿಲ್ಲಿಸಿ ಒಳಬಂದಳು. ಫೋಟೋ ನೋಡಿದಳು.

"ಅಪ್ಪಾಜಿ, ವಿಮಾನನಾ? ಬೇಲೂರು ಬಸ್ಸಲ್ಲೇ ನಿಮ್ಗೆ ವಾಂತಿ ಆಗುತ್ತಲ್ಲ!"

ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕರು. ಶಶಿಕಿರಣ್ ನಗಲಿಲ್ಲ. "ಮುಂದಿನ ಸೀಟಲ್ಲಿ ಕೂತ್ಕೊಳ್ಳಿ ಸರ್, ಕಮ್ಮಿ ಆಗುತ್ತೆ. ನಮ್ಮ ತಂದೆಗೂ ಹಾಗೇ," ಎಂದ. ಮ್ಯಾನೇಜರ ನಗು ಯಾಕೋ ಅಲ್ಲಿಗೇ ನಿಂತಿತು.

ಹುಡುಗ ಅಪರಂಜಿ. ದೇವೀರಪ್ಪನವರ ಮನಸ್ಸು ತುಂಬಿ ಬಂತು.

"ಯೋಚ್ನೆ ಮಾಡಿ ತಿಳಿಸ್ತೀನಿ," ಎಂದರು, ಬಾಗಿಲವರೆಗೆ ಹೋಗಿ.

"ನಾವೂ ತಿಳಿಸ್ತೀವಿ," ಎಂದರು ಮ್ಯಾನೇಜರು.

ಮರುದಿನ ಬೆಳಿಗ್ಗೆಯೇ ಹುಚ್ಚಣ್ಣನ ಫೋನು ಬಂತು.

"ಬೈಬೇಡಿ ಯಜಮಾನ್ರೇ, ನಿಮ್ಮ ಹೆಸ್ರು ನಾನು ಮೊದ್ಲೇ ಹೇಳ್ಬಿಟ್ಟಿದ್ದೆ. ನಿನ್ನೆ ಟೈ ಕಟ್ಕಂಡು ಬಂದಿದ್ರಲ್ಲ, ಅವ್ರೇ ಹುಡ್ಗನ ತಂದೆ, ಹಳೇಬೀಡಿನ ರಿಟೈರ್ಡ್ ಮೇಷ್ಟ್ರು. ಹೆಣ್ಣು ಭಾಳ ಒಪ್ಪಿಗೆ ಆಗೈತೆ. ಆದ್ರೆ ರಾತ್ರಿಯೆಲ್ಲಾ ಅವ್ರಿಗೆ ಒಂದೇ ಚಿಂತೆ ಅಂತೆ: ನೂರೈವತ್ತು ಕೋಟಿ ಅಗ್ಗ ಅನ್ನೋರು ಮೇಷ್ಟ್ರ ಮನೆಗೆ ಹೆಣ್ಣು ಕೊಡ್ತಾರಾ?"