ತಂಗಿಯ ಬಾವಿ

ಹಿತ್ತಲಿನ ಬಾವಿ ಆಳೆತ್ತರ ಮೇಲೆದ್ದು ಒಂಟಿಯಾಗಿ ನಿಂತಿತ್ತು. ಸುತ್ತಲಿನ ಮರಳನ್ನೆಲ್ಲ ಕಡಲು ಬಳಿದುಕೊಂಡು ಹೋಗಿತ್ತು. ಅದರ ಸಿಮೆಂಟ್ ರಿಂಗಿನ ಮೇಲಿಟ್ಟ ಕೈಯನ್ನು ಇಂಜಿನಿಯರ್ ತೆಗೆಯಲಿಲ್ಲ.

"ಮೊನ್ನೆಮೊನ್ನೆವರೆಗೂ ಇಲ್ಲೇ ನಿಂತು ನೀರು ಸೇದ್ತಿದ್ದೆ ಅಣ್ಣ," ಎಂದಳು ತಂಗಿ. "ಈ ಮರಳು ಹೇಳದೆ ಕೇಳದೆ ಎಲ್ಲಿಗೆ ಹೋಯ್ತೋ."

ಅವನಿಗೆ ಗೊತ್ತಿತ್ತು. ತನ್ನೂರನ್ನು ಉಳಿಸಲು ಎರಡು ಮೈಲಿ ಆಚೆ ಅವನೇ ದಡದಿಂದ ಕಡಲೊಳಕ್ಕೆ ಚಾಚಿದ ಕಲ್ಲುಗೋಡೆ ಕಟ್ಟಿಸಿದ್ದ. ದಡದುದ್ದಕ್ಕೂ ಸಾಗಿಬರುತ್ತಿದ್ದ ಮರಳು ಈಗ ಅಲ್ಲೇ ಗುಡ್ಡೆ ಬಿದ್ದಿತ್ತು. ಮುಂದಿನ ಊರುಗಳ ದಡ ಕರಗಬಹುದು ಎಂದು ವರದಿಯಲ್ಲಿದ್ದ ಸಾಲನ್ನು, ಕೆಲಸ ತಡವಾದೀತೆಂದು ಅವನೇ ಹೊಡೆದುಹಾಕಿದ್ದ.

ಹೇಳಿಬಿಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ತಂಗಿ ಅವನ ತೋಳು ಹಿಡಿದಳು. "ನಿಮ್ಮೂರಿಗೆ ಕಟ್ಟಿಸಿದಂಥ ಗೋಡೆ ನಮಗೂ ಒಂದು ಕಟ್ಟಿಸ್ಕೊಡು. ಸುತ್ತಲಿನವರೆಲ್ಲ ಮನೆ ಬಿಟ್ಟು ಹೋದ್ರು. ನೀನಿದ್ದೀಯಲ್ಲ ಅಂತ ನಾನೊಬ್ಬಳೇ ಉಳ್ಕೊಂಡೆ."