ವಾರಗಿತ್ತಿಯ ಮಾತ್ರೆ

ಬಾಗಿಲ ಕಡೆ ಒಮ್ಮೆ ನೋಡಿ, ನಾಗರತ್ನ ವಾರಗಿತ್ತಿ ವರಲಕ್ಷ್ಮಿಯ ಮಾತ್ರೆಗಳನ್ನೆಲ್ಲ ತನ್ನ ಡಬ್ಬಿಗೆ ಸುರಿದುಕೊಂಡಳು. ಮೊದಲೇ ಸೆರಗಿಗೆ ತೆಗೆದಿಟ್ಟುಕೊಂಡಿದ್ದ ತನ್ನವನ್ನು ಅವಳ ಡಬ್ಬಿಗೆ ತುಂಬಿದಳು.

ಮಂಡಿ ನೋವಿನ ಹೊಸ ಔಷಧಿಯ ಸಂಶೋಧನೆಗೆ ಇಬ್ಬರೂ ಒಟ್ಟಿಗೇ ಒಪ್ಪಿ ಸೇರಿದ್ದರು. ಕೆಲವರಿಗೆ ಔಷಧಿ, ಕೆಲವರಿಗೆ ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದೆಂದು ತಮಗೂ ಗೊತ್ತಿಲ್ಲ ಎಂದಿದ್ದರು ಡಾಕ್ಟರು. ನಾಗರತ್ನಳಿಗೆ ಗೊತ್ತಿತ್ತು. ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ ತಾನು ಗೋಡೆ ಹಿಡಿದು ಏಳುವಷ್ಟರಲ್ಲಿ ವರಲಕ್ಷ್ಮಿ ಹುಡುಗಿಯ ಹಾಗೆ ಮೇಲೆ ಬಂದು ಸೆರಗು ಕೊಡವಿಕೊಳ್ಳುತ್ತಿದ್ದಳು. ಮಾತು ಕೇಳುವ ಗಂಡ ಅವಳಿಗೆ, ನೇಯ್ದ ಸೀರೆಗೆ ಹೊಗಳಿಕೆ ಅವಳಿಗೆ, ಈಗ ಒಳ್ಳೆಯ ಮಾತ್ರೆಯೂ ಅವಳಿಗೇ.

"ಏನ್ ಮಾಡ್ತಿದೀಯಕ್ಕಾ?" ವರಲಕ್ಷ್ಮಿ ಬಾಗಿಲಲ್ಲೇ ನಿಂತಿದ್ದಳು.

"ಕಾಣಲ್ವಾ? ಅದಲು ಬದಲು ಮಾಡ್ತಿದೀನಿ. ಒಳ್ಳೇದೆಲ್ಲ ನಿನಗೇ ಸಿಗ್ಬೇಕಾ?"

"ಅಯ್ಯೋ, ನಿನ್ನೆ ರಾತ್ರೀನೇ ನಾನು ಬದಲಾಯಿಸಿ ಇಟ್ಟಿದ್ನಲ್ಲಕ್ಕಾ! ನೀನು ಗೋಡೆ ಹಿಡ್ಕೊಂಡು ಏಳೋದು ನೋಡಕ್ಕಾಗ್ಲಿಲ್ಲ. ನನ್ನ ಮಾತ್ರೆ ನಿನ್ನ ಡಬ್ಬಿಯಾಗೇ ಇದ್ವು."

ನಾಗರತ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು. ತನ್ನ ಹಳೆಯ ಮಾತ್ರೆಗಳೇ ತನಗೆ ಮರಳಿ ಬಂದಿದ್ದವು. ಹೊಟ್ಟೆ ಉರಿದದ್ದು ಅದಕ್ಕಲ್ಲ. ಒಳ್ಳೆಯವಳಾಗುವುದರಲ್ಲೂ ಅವಳೇ ಮುಂದೆ.